ಒಂದು ಗಂಟೆ ಐದು ನಿಮಿಷದೊಳಗೆ

ಜೇಜು ವಿಮಾನ ನಿಲ್ದಾಣದಲ್ಲಿ ಇನ್ನೂ ನಸುಕು. ಬು ಮ್ಯೊಂಗ್‌ಸುಕ್ ಕಚೇರಿಯ ಕಿಟಕಿ ತೆರೆದು ಗಾಳಿಗೆ ಮುಖ ಒಡ್ಡುತ್ತಾರೆ. ಗಾಳಿಯ ವೇಗವನ್ನು ಕಂಪ್ಯೂಟರ್ ಆಗಲೇ ಹೇಳಿದೆ. ಆದರೂ ಕೆನ್ನೆಯನ್ನೊಂದು ಮಾತು ಕೇಳಿಬಿಡುವುದು ಇವರ ಇಪ್ಪತ್ತಾರು ವರ್ಷಗಳ ರೂಢಿ. ಸಹೋದ್ಯೋಗಿ ಕೊಟ್ಟ ಕಡಲಪಾಚಿ ಸಾರನ್ನು ಮಾತ್ರ ಇವತ್ತು ಮುಟ್ಟುವುದಿಲ್ಲ. ಕಾಲೇಜು ಪ್ರವೇಶ ಪರೀಕ್ಷೆಯ ದಿನ ಆ ಲೋಳೆ ಸಾರು ಕುಡಿದವರು ಜಾರಿ ಸೋಲುತ್ತಾರೆಂಬ ನಂಬಿಕೆ ನಮ್ಮದು.

"ಹೋದ ವರ್ಷ ಕುಡ್ದಿದ್ದೆ. ಜಾರಿದ್ದೂ ಆಯ್ತು," ಎಂದು, ಇವರ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕೂತ ನನ್ನತ್ತ ನೋಡಿ ನಗುತ್ತಾರೆ.

ಇಲ್ಲಿಂದ ಸಿಯೋಲ್‌ನ ಗಿಂಪೊ ನಿಲ್ದಾಣಕ್ಕೆ ಎಷ್ಟು ದೂರ, ಎಷ್ಟು ಹೊತ್ತು? ದಿನಕ್ಕೆ ಇಪ್ಪತ್ತೆರಡು ವಿಮಾನಗಳಿಗೆ ಈ ಲೆಕ್ಕ ಹಾಕಿಕೊಡುವುದು ಇವರ ಕೆಲಸ. ನಕ್ಷೆಯ ಮೇಲೆ ದಾರ ಹಿಡಿದರೆ ಸುಮಾರು ನಾನೂರ ಐವತ್ತು ಕಿಲೋಮೀಟರ್. ಆದರೆ ವಿಮಾನ ಗೊತ್ತುಮಾಡಿದ ದಾರಿಯಲ್ಲೇ ತಿರುಗಿಕೊಂಡು ಹೋಗಬೇಕು, ನವೆಂಬರಿನ ಎದುರುಗಾಳಿ ಬೇರೆ. ಅದೇ ದಾರಿಗೆ ಒಂದು ದಿನ ನಲವತ್ತೆಂಟು ನಿಮಿಷ ಹಿಡಿದರೆ ಇನ್ನೊಂದು ದಿನ ಐವತ್ತಾರು.

ಪರೀಕ್ಷೆಯ ದಿನ ಆ ಎಂಟು ನಿಮಿಷವೇ ದೊಡ್ಡದು. ಮಧ್ಯಾಹ್ನ 1.05ರಿಂದ 1.40ರವರೆಗೆ ಮಕ್ಕಳು ಇಂಗ್ಲಿಷ್ ಕೇಳಿಸಿಕೊಂಡು ಉತ್ತರ ಬರೆಯುತ್ತಾರೆ. ಅಷ್ಟು ಹೊತ್ತು ದೇಶದಲ್ಲೆಲ್ಲೂ ವಿಮಾನ ಏರುವಂತಿಲ್ಲ, ಇಳಿಯುವಂತಿಲ್ಲ. ಕಳೆದ ವರ್ಷ ಇವರು ಲೆಕ್ಕ ಹಾಕಿಕೊಟ್ಟ ವಿಮಾನ ತಡವಾಗಿ, ಮೂವತ್ತೈದು ನಿಮಿಷ ಆಕಾಶದಲ್ಲೇ ಸುತ್ತಿತು. ಅದರಲ್ಲಿದ್ದವರು ಕಡಲಲ್ಲಿ ಮುಳುಗಿ ಚಿಪ್ಪು ಹೆಕ್ಕುವ ನಮ್ಮೂರ ಹನ್ನೆರಡು ಅಜ್ಜಿಯರು. ಸಿಯೋಲ್‌ನ ವೇದಿಕೆಯಲ್ಲಿ ಅವರು ಹಾಡಬೇಕಿದ್ದ ಸರದಿಯೇ ತಪ್ಪಿಹೋಯಿತು.

"ದಾರಿ ಸರಿ ಇತ್ತು, ಗಾಳಿನೂ ಸರಿ ಇತ್ತು. ಎಲ್ರೂ ಒಂದು ಗಂಟೆ ಹೊಡೆಯೋದ್ರೊಳಗೇ ಅಲ್ಲಿ ಇಳೀಬೇಕು ಅಂತ ಇಲ್ಲಿ ರನ್‌ವೇ ಮುಂದೆ ಸಾಲುಗಟ್ಟಿದ್ರು. ನಾನು ಆಕಾಶದ ಲೆಕ್ಕ ಹಾಕಿ ನೆಲಾನ ಮರ್ತೆ."

ಈ ವರ್ಷವೂ ಅದೇ ಅಜ್ಜಿಯರು, ಅದೇ ವಿಮಾನ. ಮ್ಯೊಂಗ್‌ಸುಕ್ ವಾರದ ಹಿಂದೆಯೇ ಮೇಲಿನವರನ್ನು ಕಾಡಿ ಬೇಡಿ, ವಿಮಾನ ಇಪ್ಪತ್ತು ನಿಮಿಷ ಮೊದಲೇ ಹೊರಡುವಂತೆ ಮಾಡಿಸಿದ್ದಾರೆ. ಅಜ್ಜಿಯರ ಮುಂದಾಳು, ಎಪ್ಪತ್ತನಾಲ್ಕರ ಕೊ ಛುಂಜಾ ಅವರಿಗೆ ತಾವೇ ಫೋನು ಮಾಡಿ ಬೇಗ ಬರಲು ಹೇಳಿದ್ದಾರೆ. ಹಿರಿಯರನ್ನೆಲ್ಲ ಕರೆಯುವ ಹಾಗೆ ಆಕೆಯನ್ನೂ ಊರು ಕರೆಯುವುದು 'ಸಂಚುನ್' ಎಂದೇ.

11.35ಕ್ಕೆ ವಿಮಾನದ ಬಾಗಿಲು ಮುಚ್ಚುತ್ತದೆ. ಮುಂದೆ ಒಂಬತ್ತು ವಿಮಾನಗಳ ಸಾಲು. 12.06ಕ್ಕೆ ಚಕ್ರ ನೆಲ ಬಿಡುತ್ತದೆ. ಎದುರುಗಾಳಿ ಜೋರಾಗಿದೆ, ಐವತ್ತಾರು ನಿಮಿಷ ಬೇಕು. ಮ್ಯೊಂಗ್‌ಸುಕ್ ಊಟದ ಡಬ್ಬಿ ತೆರೆಯುವುದೂ ಇಲ್ಲ. ನನಗೂ ಕುಳಿತಲ್ಲಿ ಕೂರಲಾಗುವುದಿಲ್ಲ.

1.02. ಇಳಿಯಿತು.

ಸ್ವಲ್ಪ ಹೊತ್ತಿಗೆ ಫೋನು ಬರುತ್ತದೆ. ಆ ಕಡೆ ಛುಂಜಾ ಸಂಚುನ್.

"ಏನೇ ಹುಡುಗಿ, ಹೋದ ಸಲ ಮೇಲಿಂದ ಊರೆಲ್ಲ ಪುಕ್ಕಟೆ ತೋರಿಸಿದ್ದೆ. ಈ ಸಲ ಕಿಟಕಿ ಪಕ್ಕ ಕೂರೋಕೆ ಜಗಳ ಆಡಿ ಕೂತ್ರೆ ಸರಕ್ಕಂತ ಇಳಿಸ್ಬಿಟ್ಯಲ್ಲ."

ಐವತ್ತೆರಡರ 'ಹುಡುಗಿ' ಕಣ್ಣೊರೆಸಿಕೊಳ್ಳುತ್ತಾರೆ.

"ಬೇಗ ಇಳಿಸಿದ್ದಕ್ಕೆ ನಿಮ್ಮ ಹತ್ರ ಬೈಸ್ಕೋಬೇಕು ಅಂತ ಒಂದು ವರ್ಷದಿಂದ ಕಾಯ್ತಿದ್ದೆ, ಸಂಚುನ್. ಹೋಗಿ ಹಾಡಿ."