ತುಂಬಿದ ಜೋಗಕ್ಕೆ ಕಾದ ಅಪ್ಪ

ಭದ್ರಾವತಿಗೆ ಬಂದ ಮರುದಿನವೇ ನಲ್ಲಿಯ ಹತ್ತಿರ ಒಬ್ಬಾಕೆ ನನ್ನನ್ನು ಬೈದಳು. ಹಾಗೆಂದು ನಾನು ತಿಳಿದೆ. ಕೊಡ ತುಂಬಿ ಹರಿಯುತ್ತಿದ್ದರೂ ನಾನು ಕಾರ್ಖಾನೆಯ ಚಿಮಣಿಗಳನ್ನು ನೋಡುತ್ತ ನಿಂತುಬಿಟ್ಟಿದ್ದೆ. ಹಿಂದಿನಿಂದ ದನಿ ಬಂತು: “ಕೊಡ ತೆಗಿಯೇ ಮಾರಾಯ್ತಿ, ನೀರು ನಿಂತ್ಹೋಗುತ್ತೆ!”

ನಮ್ಮ ಬಿಜಾಪುರದ ಕಡೆ ಯಾರನ್ನಾದರೂ ಮಾರಿ ಎಂದರೆ ಜಗಳವೇ ಆಗುತ್ತದೆ. ಕಣ್ಣು ತುಂಬಿಕೊಂಡು ಮನೆಗೆ ಬಂದೆ. ಪಕ್ಕದ ಮನೆಯ ರಾಜಮ್ಮಾಳ್ ಬೆನ್ನಿಗೇ ಬಂದರು. ಅವರು ಸೇಲಂ ಕಡೆಯವರು. ಅವರ ಗಂಡ, ನನ್ನ ಗಂಡ ಇಬ್ಬರಿಗೂ ಕಬ್ಬಿಣದ ಕಾರ್ಖಾನೆಯಲ್ಲೇ ಕೆಲಸ. “ಅಯ್ಯೋ, ಅದು ಬೈಗುಳ ಅಲ್ಲಮ್ಮಾ. ಇಲ್ಲಿ ಪ್ರೀತಿ ಬಂದ್ರೂ ಮಾರಾಯ್ತಿ, ಕೋಪ ಬಂದ್ರೂ ಮಾರಾಯ್ತಿ” ಎಂದು ನಕ್ಕರು. ಕನ್ನಡದ ಹುಡುಗಿಗೆ ಈ ಊರಿನ ಕನ್ನಡ ಕಲಿಸಿದವರು ತಮಿಳಿನವರು.

ನಮಗೆ ಸಿಕ್ಕಿದ್ದು ಎರಡು ಕೋಣೆಯ ಕ್ವಾರ್ಟರ್ಸು. ಒಗೆದ ಸೀರೆ ಒಣಗುವಷ್ಟರಲ್ಲಿ ಅದರ ಮೇಲೆ ಕರಿಯ ಪುಡಿ. ಅಂಗಡಿಯಲ್ಲಿ ಉಳ್ಳಾಗಡ್ಡಿ ಕೇಳಿದರೆ ಅಂಗಡಿಯವ ಮುಖ ನೋಡುತ್ತಿದ್ದ. ಇಲ್ಲಿ ಅದು ಈರುಳ್ಳಿ. ರೊಟ್ಟಿ ತಟ್ಟಲು ಒಳ್ಳೆಯ ಬಿಳಿಜೋಳ ಬೇಕೆಂದರೆ ಶಿವಮೊಗ್ಗದ ಪೇಟೆಗೆ ಹೋಗಬೇಕಿತ್ತು. ಆದರೆ ನೀರು! ಊರಲ್ಲಿ ಬೇಸಿಗೆ ಬಂತೆಂದರೆ ಮುಖ ತೊಳೆದ ನೀರನ್ನು ಬೇವಿನ ಗಿಡಕ್ಕೆ ಹಾಕುತ್ತಿದ್ದೆವು. ಇಲ್ಲಿ ಭದ್ರೆ ಯಾರ ಹಂಗೂ ಇಲ್ಲದೆ ಹರಿಯುತ್ತಿದ್ದಳು. ಗಂಡ ಪಾಳಿಗೆ ಹೋದ ಮೇಲೆ ಮಾತಿಗೆ ಯಾರೂ ಇಲ್ಲದೆ ಎಷ್ಟೋ ಹೊತ್ತು ಹೊಳೆ ನೋಡುತ್ತ ಕುಳಿತಿದ್ದುಂಟು.

ಮೊದಲ ಮಳೆಗಾಲದಲ್ಲಿ ನಮ್ಮ ಸಾಲಿನ ಮನೆಗಳವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಜೋಗಕ್ಕೆ ಹೋದೆವು. ಬಸ್ಸು ಇಳಿಯುವ ಮೊದಲೇ ನೆಲ ನಡುಗುವ ಸದ್ದು. ಮಂಜು ಸರಿದಾಗ ಕಂಡದ್ದನ್ನು ಯಾರಿಗಾದರೂ ಹೇಳದಿದ್ದರೆ ಉಸಿರು ಕಟ್ಟುತ್ತದೆ ಅನ್ನಿಸಿತು. ಮನೆಗೆ ಬಂದು ಬರೆದೆ. ಬರೆಯುವಾಗ ಕಣ್ಣ ಮುಂದೆ ಇದ್ದವನು ಅಪ್ಪ. ಬಿಜಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವನು ದೊಡ್ಡ ನೀರು ಎಂದು ಕಂಡಿದ್ದರೆ ಅದು ಊರ ಕೆರೆ ಮಾತ್ರ.

ಬರೆದದ್ದನ್ನು ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಕಳಿಸಿದೆ. ಅಚ್ಚಾಯಿತು! ಸಂಪಾದಕರು ಇನ್ನಷ್ಟು ಬರೆಯಲು ಹೇಳಿದರು, ಜೊತೆಗೆ ಒಂದು ಬುದ್ಧಿಮಾತು: ‘ರಮ್ಯ, ಭವ್ಯ ಎಂಬುದನ್ನು ಓದುಗ ಅಲ್ಲಿಗೆ ಹೋಗಿ ತಾನೇ ಹೇಳಿಕೊಳ್ಳಲಿ. ಬಸ್ಸು ಎಲ್ಲಿ ಸಿಗುತ್ತದೆ, ಊಟ ಎಲ್ಲಿ, ಹೆಂಗಸರು ಎಲ್ಲಿ ಉಳಿಯಬಹುದು, ಅದನ್ನು ಬರೆಯಿರಿ.’

ಅಲ್ಲಿಂದ ನನ್ನ ಕಸುಬು ಶುರುವಾಯಿತು. ಗಂಡನಿಗೆ ರಜೆ ಸಿಗುತ್ತಿರಲಿಲ್ಲ; ಜೊತೆಗೆ ರಾಜಮ್ಮಾಳ್ ಹೊರಟರು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಿಂತು ಶಿಕಾರಿಪುರದ ಬಸ್ಸು ಹಿಡಿದೆವು, ಇಕ್ಕೇರಿ ನೋಡಿದೆವು, ತುಂಗೆ-ಭದ್ರೆ ಕೂಡುವ ಕೂಡ್ಲಿಯಲ್ಲಿ ಕಲ್ಲಿನ ಮೇಲೆ ಕುಳಿತು ಮೊಸರನ್ನ ತಿಂದೆವು. ಒಂದೂರಿನ ಹೋಟೆಲಿನ ಯಜಮಾನರು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, “ಗಂಡಸ್ರು ಯಾರೂ ಜೊತೆಗಿಲ್ವಾ? ರೂಮು ಕೊಡಕ್ಕಾಗಲ್ಲ” ಎಂದರು.

“ಇವ್ರು ಪೇಪರಿಗೆ ಬರೀತಾರೆ ಮಾರಾಯ್ರೇ” ಎಂದರು ರಾಜಮ್ಮಾಳ್. “ರೂಮು ಕೊಡ್ಲಿಲ್ಲ ಅಂತಾನೂ ಬರೀತಾರೆ.”

ರೂಮೂ ಸಿಕ್ಕಿತು, ಬಿಸಿನೀರೂ ಸಿಕ್ಕಿತು. ಆ ಹೋಟೆಲಿನ ಬಗ್ಗೆ ಒಳ್ಳೆಯದನ್ನೇ ಬರೆದೆ.

ಲೇಖನಗಳು ಬರುತ್ತಾ ಹೋದವು. ಅಪ್ಪ ಅವನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳುತ್ತಾನೆಂದು ತಮ್ಮ ತಿಳಿಸುತ್ತಿದ್ದ. ಊರಿಗೆ ಹೋದಾಗಲೆಲ್ಲ ಕರೆಯುತ್ತಿದ್ದೆ: “ಬಾ ಅಪ್ಪಾ, ಜೋಗ ತೋರಸ್ತೀನಿ.”

“ಬರ್ತೀನಿ ಯವ್ವಾ. ಆದ್ರ ತುಂಬಿದಾಗ ಬರಬೇಕು. ನೀ ಬರದಿದ್ದು ಓದಿದ ಮ್ಯಾಲ ಸಣ್ಣ ಧಾರಿ ಯಾಕ ನೋಡ್ಲಿ?”

ಜೋಗ ತುಂಬುವ ಹೊತ್ತಿಗೇ ಅವನ ಅಂಗಡಿಯೂ ತುಂಬುತ್ತಿತ್ತು. ಶಾಲೆಯ ಅಂಗಿ-ಚಡ್ಡಿ ಮುಗಿಯಿತೆನ್ನುವಾಗ ನಾಗರಪಂಚಮಿ, ಅದರ ಬೆನ್ನಿಗೆ ಗಣಪತಿ, ದಸರೆ. ಕತ್ತರಿ ಕೆಳಗಿಡುವ ಹೊತ್ತಿಗೆ ಮಳೆ ಹೋಗಿರುತ್ತಿತ್ತು. ಚಳಿಗಾಲದಲ್ಲಿ ಬಾ, ಆಗಲೂ ಚೆಂದ ಎಂದರೆ ಕೇಳುತ್ತಿರಲಿಲ್ಲ. ಅವನನ್ನು ಇಲ್ಲಿಗೆ ಕರೆತರಲೆಂದೇ ಬರೆದ ಲೇಖನ ಅವನನ್ನು ಅಲ್ಲೇ ಹಿಡಿದು ನಿಲ್ಲಿಸಿತು.

ಅಷ್ಟರಲ್ಲಿ ಜೋಗಕ್ಕಿಂತ ಮೇಲೆ ಶರಾವತಿ ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ನಡೆದಿತ್ತು. ನಾಡಿಗೆಲ್ಲ ದೀಪ ಬರುತ್ತದೆಂಬ ಸಂಭ್ರಮ ನನಗೂ ಇತ್ತು. ಅಷ್ಟು ನೀರಿನಲ್ಲಿ ಎಷ್ಟು ಕಡಿಮೆಯಾದೀತು ಅಂದುಕೊಂಡೆ; ಕಟ್ಟಿ ಮುಗಿದ ಮೇಲೆ ಜೋಗದ ಕಡೆ ಹೋಗಿರಲೂ ಇಲ್ಲ.

ಕೊನೆಗೆ ನನ್ನ ತಮ್ಮ ಕೈಗೆ ಬಂದ ಮೇಲೆ ಅಪ್ಪ ಹೊಲಿಗೆ ಯಂತ್ರ ಅವನಿಗೊಪ್ಪಿಸಿ ಒಂದು ಶ್ರಾವಣದಲ್ಲಿ ಬಂದ. ತಾನೇ ಹೊಲಿದ ಹೊಸ ಕೋಟು ಹಾಕಿಕೊಂಡಿದ್ದ. ಶಿವಮೊಗ್ಗದಿಂದ ಸಾಗರದವರೆಗೆ ಬಸ್ಸಿನ ಕಿಟಕಿಯ ಹೊರಗೆ ಮಳೆ, ಅಪ್ಪ ಪ್ರತಿ ಹಳ್ಳಕ್ಕೂ “ಇದೂ ಅಲ್ಲಿಗೇ ಹೋಗತೈತೇನು?” ಎಂದು ಕೇಳುತ್ತಿದ್ದ. ಜೋಗದಲ್ಲಿ ಇಳಿದಾಗ ನೆಲ ನಡುಗಲಿಲ್ಲ. ಜನ ಮಾತಾಡುವುದು ಸ್ಪಷ್ಟವಾಗಿ ಕೇಳುತ್ತಿತ್ತು.

ಬಂಡೆಯ ಮೈಮೇಲೆ ನಾಲ್ಕು ತೆಳ್ಳನೆಯ ಎಳೆಗಳು ಇಳಿಯುತ್ತಿದ್ದವು. ಮಳೆಯ ನೀರೆಲ್ಲ ಮೇಲೆ ಅಣೆಕಟ್ಟಿನಲ್ಲಿ ನಿಂತಿತ್ತು. ಅಪ್ಪ ಕಟಕಟೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ: “ಕಲ್ಲು ಭಾಳ ಛಂದ ಐತಿ.”

“ಅಪ್ಪಾ, ಮೊದಲು ಹೀಗಿರಲಿಲ್ಲ...” ಎಂದು ಶುರುಮಾಡಿದೆ.

“ಗೊತ್ತೈತಿ ಬಿಡು. ನನಗ ಬಾಯಿಪಾಠ ಐತಿ.” ಕೈಚಾಚಿ ತೋರಿಸತೊಡಗಿದ: ಅಗೋ ಅದು ರಾಜ, ನಡುವೆ ಎಲ್ಲೂ ತಾಗದೆ ಒಂದೇ ನೆಗೆತಕ್ಕೆ ತಳ ಸೇರುತ್ತದೆ, ಇದು ರಾಣಿ, ನಾಚಿ ಬಂಡೆಗೆ ಆತುಕೊಂಡೇ ಇಳಿಯುತ್ತಾಳೆ. ನಾನು ಬರೆದ ವಾಕ್ಯಗಳು, ಒಂದಾದ ಮೇಲೊಂದು. ಪಕ್ಕದಲ್ಲಿ ನಿಂತಿದ್ದ ಯಾರೋ ಗಂಡ ಹೆಂಡತಿ ಕಿವಿಗೊಟ್ಟು ಕೇಳುತ್ತಿದ್ದರು.

“ತುಂಬಿದಾಗ ನೀವು ನೋಡಿದ್ರಾ ಯಜಮಾನ್ರೇ? ಪುಣ್ಯವಂತ್ರು” ಎಂದರು ಆ ಗಂಡಸು.

“ನನ್ನ ಮಗಳು ನೋಡ್ಯಾಳ್ರಿ” ಎಂದ ಅಪ್ಪ. ಅವನ ದನಿಯಲ್ಲಿ ಹೆಮ್ಮೆಯೇ ಇತ್ತು. ಅದು ಬರೀ ದುಃಖವಾಗಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತುಕೊಂಡಿರುತ್ತಿರಲಿಲ್ಲವೇನೋ.

ನಾಲ್ಕು ದಿನ ನಮ್ಮಲ್ಲಿದ್ದ. ರಾಜಮ್ಮಾಳರ ಇಡ್ಲಿ ತಿಂದ, ಅವರ ಮಗಳಿಗೆ ಲಂಗ ಹೊಲಿದು ಕೊಟ್ಟ. ಹೊರಡುವ ದಿನ ಭದ್ರಾವತಿಯ ಸ್ಟೇಶನ್ನಿನಲ್ಲಿ ಗಾಡಿ ಹತ್ತಿ ಕುಳಿತವನು ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡ.

“ನಿಮ್ಮೂರು ಛಲೋ ಐತಿ ಯವ್ವಾ. ಮಂದಿನೂ ಛಲೋ ಅದಾರ.”

ನನ್ನ ಒಂದೊಂದು ಲೇಖನದಲ್ಲೂ ‘ನಮ್ಮೂರು’ ಎಂದರೆ ಬಿಜಾಪುರವೇ. ಅಪ್ಪನಿಗೆ ಅದನ್ನು ಹೇಳಬೇಕೆಂದುಕೊಂಡೆ. ಗಾರ್ಡು ಸೀಟಿ ಊದಿದ.

“ಬಿಡುವಾದಾಗ ನಮ್ಮೂರಿಗೂ ಬಂದು ಹೋಗು” ಎಂದ ಅಪ್ಪ, ನೆಂಟರಿಗೆ ಹೇಳುವ ಹಾಗೆ.