ಅಕ್ಕ ಹೇಳದ ಮಂಡಿನೋವು

ನನಗೆ ನೋವಾದರೆ ಊರಿಗೆಲ್ಲ ಗೊತ್ತಾಗಬೇಕು. ಉಡುಪಿಯ ಸೀರೆ ಅಂಗಡಿಯಲ್ಲಿ ಇಡೀ ದಿನ ನಿಂತು ಕಾಪುವಿನ ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ ನನ್ನ ಮಂಡಿಯ ಪುರಾಣ ಶುರು. ಮೆಟ್ಟಿಲು ಇಳಿಯಲು ಆಗುವುದಿಲ್ಲ, ಕೂತು ಎದ್ದರೆ ಕಟಕಟ ಸದ್ದು, ಬೆಳಿಗ್ಗೆ ಕಾಲು ಮಡಚಲು ಬರುವುದಿಲ್ಲ. ಅಕ್ಕ ಎಲ್ಲವನ್ನೂ ಕೇಳುತ್ತಾಳೆ, ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾಳೆ. ನನಗಿಂತ ಆರು ವರ್ಷ ದೊಡ್ಡವಳು. ಮೂವತ್ತು ವರ್ಷದಿಂದ ಮೀನಿನ ಬುಟ್ಟಿಯೊಂದಿಗೆ ಬಸ್ಸು ಹತ್ತಿ ಕಾರ್ಕಳದ ಮಾರ್ಕೆಟಿಗೆ ಹೋಗಿ ಬರುವವಳು.

ಕಳೆದ ವರ್ಷ ಮಂಡಿ ತೋರಿಸಲು ಮಣಿಪಾಲಕ್ಕೆ ಹೊರಟಾಗ ಅವಳನ್ನೂ ಎಳೆದುಕೊಂಡು ಹೋದೆ. ಅವಳ ನಡಿಗೆ ಒಂದು ಕಡೆಗೆ ವಾಲುತ್ತಿತ್ತು. ಡಾಕ್ಟರು ಇಬ್ಬರದೂ ಎಕ್ಸ್‌ರೇ ತೆಗೆಸಿ, ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿದರು. ನಾನು ಎಂಟು ಎಂದೆ. ಅಕ್ಕ ಸೆರಗು ಸರಿಮಾಡಿಕೊಂಡು, “ಎರಡೋ ಮೂರೋ ಉಂಟು” ಎಂದಳು.

ಡಾಕ್ಟರು ಎಕ್ಸ್‌ರೇಯನ್ನು ಮತ್ತೊಮ್ಮೆ ನೋಡಿದರು. ನನ್ನ ಮಂಡಿ ಸವೆದದ್ದು ಸ್ವಲ್ಪವೇ; ಅವಳದರಲ್ಲಿ ಮೂಳೆಗೆ ಮೂಳೆ ತಾಗುತ್ತಿತ್ತು. “ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಜಾಸ್ತಿ. ಆದರೆ ಸವೆತ ಎಷ್ಟೋ ನೋವೂ ಅಷ್ಟೇ ಅಂತ ಇಲ್ಲ. ಕೆಲಸದಲ್ಲಿ ಮುಳುಗಿದಾಗ, ನಗುವಾಗ ದೇಹವೇ ನೋವಿನ ಮದ್ದು ತಯಾರಿಸುತ್ತದೆ, ಎಂಡಾರ್ಫಿನ್ ಅಂತ. ನಿಮ್ಮ ಅಕ್ಕನಿಗೆ ಅದು ಧಾರಾಳ ಇರಬೇಕು. ನೋವು ಇಷ್ಟೇ ಆದರೆ ಆಪರೇಷನ್ ಈಗ ಬೇಡ. ಆದರೆ ತಡೆಯಲಿಕ್ಕೆ ಆಗದಿದ್ದರೆ ಮುಚ್ಚಿಡಬೇಡಿ, ತಡ ಮಾಡಿದರೆ ನಡೆಯುವುದೇ ಕಷ್ಟ” ಎಂದರು.

ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಮದ್ದೆಲ್ಲ ಇವಳೊಬ್ಬಳಿಗೇ ಬಂತೇ ಎಂದು ಬಸ್ಸಿನಲ್ಲಿ ಕೇಳಿಯೂ ಬಿಟ್ಟೆ. ಅಕ್ಕ ಕಡಲೆ ತಿನ್ನುತ್ತ ನಕ್ಕಳು.

ತಿಂಗಳ ನಂತರ ಅಂಗಡಿಗೆ ರಜೆ ಇದ್ದ ದಿನ, ಇವಳ ಕಾರುಬಾರು ನೋಡೋಣವೆಂದು ಕಾರ್ಕಳಕ್ಕೆ ಹೋದೆ. ಅಬ್ಬಾ ನನ್ನ ಅಕ್ಕನೇ. ಐಸ್ ತರಲು ಏಳುವುದು, ಮತ್ತೆ ಮಣೆಯ ಮೇಲೆ ಕುಕ್ಕರಿಸುವುದು, ಬಂಗುಡೆ ಮೀನು ಎತ್ತಿ ತೋರಿಸುವುದು. ತುಳುವಿನವರಿಗೆ ತುಳು, ಕೊಂಕಣಿಯವರಿಗೆ ಕೊಂಕಣಿ. ತಾಜಾ ಅಲ್ಲ ಎಂದು ಮೂಗು ಮುರಿದ ಒಬ್ಬರಿಗೆ, “ಮೀನಿನ ಕಣ್ಣು ನೋಡಿ ಮಾರಾಯ್ರೆ, ನಿಮ್ಮನ್ನೇ ನೋಡ್ತಾ ಉಂಟು” ಎಂದಳು. ಸಾಲಿನ ಹೆಂಗಸರೆಲ್ಲ ನಕ್ಕರು, ಆ ಗಿರಾಕಿ ಎರಡು ಕಿಲೋ ಕೊಂಡೇ ಹೋದರು. ನನಗೆ ಹೆಮ್ಮೆಯೋ ಹೆಮ್ಮೆ.

ಒಂದು ಗಂಟೆಗೆ ಬುಟ್ಟಿ ಖಾಲಿ. “ಮನೆಗೆ ಹೋಗುವ ಬಾ” ಎಂದೆ. “ನೀನು ಹೋಗು, ನನಗೆ ಸ್ವಲ್ಪ ಕೆಲಸ ಉಂಟು” ಎಂದಳು. ಎಂತದ್ದೂ ಕೆಲಸ ಇರಲಿಲ್ಲ. ನಾನು ಕದಲದೆ ನಿಂತದ್ದು ನೋಡಿ ನೆಲಕ್ಕೆ ಎರಡೂ ಕೈ ಊರಿ ಏಳಲು ನೋಡಿದಳು, ಅರ್ಧಕ್ಕೇ ಕುಸಿದು ಕುಳಿತಳು. ಮುಖವೆಲ್ಲ ಬೆವರು.

ಪಕ್ಕದ ಮೀನಿನಾಕೆ ಬುಟ್ಟಿ ತೊಳೆಯುತ್ತ, “ದಿನಾ ಹೀಗೆಯೇ. ವ್ಯಾಪಾರ ಮುಗಿದದ್ದೇ ಏಳಲಿಕ್ಕೆ ಆಗುವುದಿಲ್ಲ. ಎರಡು ಗಂಟೆ ಕೂತು, ತಿಕ್ಕಿ ತಿಕ್ಕಿ, ಆಮೇಲೆ ಬಸ್ಸಿಗೆ ಹೋಗುವುದು. ನಿಮಗೆ ಗೊತ್ತಿಲ್ವಾ?” ಎಂದಳು.

ನನಗೆ ಗೊತ್ತಿರಲಿಲ್ಲ. ನನ್ನ ರಜೆಯ ದಿನ ಅವಳು ತಡವಾಗಿ ಬಂದಾಗಲೆಲ್ಲ, ಮೀನು ಬೇಗ ಮಾರಲು ಬರುವುದಿಲ್ಲ ನಿನಗೆ ಎಂದು ಹಂಗಿಸಿದವಳು ನಾನು.

“ಡಾಕ್ಟರ ಹತ್ತಿರ ಎಂತಕ್ಕೆ ಸುಳ್ಳು ಹೇಳಿದ್ದು?” ಎಂದು ಜೋರು ಮಾಡಿದೆ.

ಅಕ್ಕ ಮಂಡಿ ತಿಕ್ಕಿಕೊಳ್ಳುತ್ತಲೇ ಹೇಳಿದಳು, “ನನ್ನದು ಗೊತ್ತಾದರೆ ನೀನು ನಿನ್ನದು ಹೇಳುವುದು ಬಿಡ್ತಿ. ನುಂಗಿಕೊಂಡು ಕೂರುವವಳು ಮನೆಗೆ ಒಬ್ಬಳು ಸಾಕಲ್ವಾ?”

ಮರುವಾರ ಮಣಿಪಾಲದಲ್ಲಿ ಡಾಕ್ಟರು ನೋವು ಹತ್ತರಲ್ಲಿ ಎಷ್ಟು ಎಂದು ಅದೇ ಪ್ರಶ್ನೆ ಕೇಳಿದರು. ನಾನು ಬಾಯಿ ಬಿಗಿದು ಕುಳಿತೆ. ಅಕ್ಕ ನೆಲ ನೋಡುತ್ತ, ಕದ್ದದ್ದನ್ನು ಒಪ್ಪಿಕೊಳ್ಳುವವಳ ಹಾಗೆ, “ಹತ್ತು” ಎಂದಳು. ಅತ್ತದ್ದು ನಾನು.