ಖಾಲಿ ಮಾಡಿ ಹೋದವರ ಕೆಮ್ಮು

ಡಿಗ್ರಿ ಮುಗಿಸಿ ಕೆಲಸಕ್ಕೆ ಅಲೆಯುತ್ತಿದ್ದ ನನಗೆ ಮೊದಲು ಸಿಕ್ಕಿದ್ದು ಜನರ ಕೆಮ್ಮು ಎಣಿಸುವ ಕೆಲಸ. ತೊಂಬತ್ತರ ದಶಕದ ಕೊನೆ ಅದು. ಭದ್ರಾವತಿಯ ಹೊರಗೆ ಒಂದು ಸಣ್ಣ ಎರಕದ ಕಾರ್ಖಾನೆ. ಅಲ್ಲಿನ ಮರಳಿನ ಧೂಳು ಕೆಲಸಗಾರರ ಎದೆ ಕೆಡಿಸುತ್ತಿದೆಯೇ ಎಂದು ಡಾಕ್ಟರ್ ಮೇಡಂ ಒಬ್ಬರು ಸಮೀಕ್ಷೆ ನಡೆಸುತ್ತಿದ್ದರು. ನಾನು ಮನೆಮನೆಗೆ ಹೋಗಿ ಫಾರಂ ತುಂಬುವವಳು. ಧೂಳು ಹೀರುವ ಫ್ಯಾನು ಹಾಕಿಸಿ ಎಂದು ಕೆಲಸಗಾರರು ಕೇಳುತ್ತಲೇ ಇದ್ದರು. ವರದಿ ಬರಲಿ, ನೋಡೋಣ ಎಂದಿದ್ದರು ಮಾಲೀಕರು.

ನನ್ನ ಅಪ್ಪ ಅದೇ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಎರಕ ಹೊಯ್ಯುವ ಮರಳಿನ ಅಚ್ಚು ಕಟ್ಟಿದವನು. ಉಸಿರು ಸಾಲದೆ ಕೆಲಸ ಬಿಟ್ಟು, ಶಿವಮೊಗ್ಗದ ಹೊಸಮನೆಯಲ್ಲಿ ಪುಟ್ಟ ಕಿರಾಣಿ ಅಂಗಡಿ ಇಟ್ಟಿದ್ದ. ಬೀಡಿ ಸೇದಿ ಎದೆ ಹಾಳುಮಾಡಿಕೊಂಡ ಎಂದು ಕಾರ್ಖಾನೆಯ ಮೇಸ್ತ್ರಿ ಹಬ್ಬಿಸಿದ್ದ ಮಾತನ್ನು ನೆಂಟರೂ ನಂಬಿದ್ದರು. ಅಪ್ಪ ಬೀಡಿ ಮುಟ್ಟಿದವನೇ ಅಲ್ಲ. ಅವನ ಮಾತನ್ನು ಯಾರಾದರೂ ಒಬ್ಬರು ನಂಬಲಿ ಎನ್ನುವುದಷ್ಟೇ ಅವನ ಆಸೆ.

ಧೂಳು ಕುಡಿದವರನ್ನಷ್ಟೇ ನೋಡಿದರೆ ಸಾಲದು, ಕೆಮ್ಮು ಎಲ್ಲರ ಮನೆಯಲ್ಲೂ ಇರುತ್ತದೆ, ಧೂಳು ಕುಡಿಯದವರನ್ನೂ ನೋಡಿ ಹೋಲಿಸಬೇಕು ಎಂದು ಮೇಡಂ ಹೇಳಿಕೊಟ್ಟಿದ್ದರು. ಹಾಗಾಗಿ ಕಾರ್ಖಾನೆ ತನ್ನ ಕೆಲಸಗಾರರಿಗೆ ಕೊಟ್ಟಿದ್ದ ಲೈನ್ ಮನೆಗಳದು ಒಂದು ಕಟ್ಟು, ಹೊಸಮನೆ, ಆಲ್ಕೊಳದಂಥ ಶಿವಮೊಗ್ಗದ ಬಡಾವಣೆಗಳ ಊರಿನವರದು ಇನ್ನೊಂದು ಕಟ್ಟು. ಊರಿನಲ್ಲಿ ಬೇಕಾದವರ ಮನೆಗೆ ಹೋಗುವಂತಿಲ್ಲ, ಪ್ರತಿ ಹತ್ತನೇ ಮನೆ. ಎಣಿಸುತ್ತಾ ಹೋದರೆ ನಮ್ಮ ಮನೆಯೇ ಬರಬೇಕೇ!

ನಾನು ಭಾರೀ ಗತ್ತಿನಿಂದ ಅಪ್ಪನ ಮುಂದೆ ಕೂತೆ. ಈಗಿನ ಕೆಲಸ? ಅಂಗಡಿ. ಕೆಮ್ಮು? ಇದೆ. ಬೀಡಿ? ಇಲ್ಲ. ಗೊತ್ತಿದ್ದೂ ಅದೊಂದನ್ನು ಎರಡು ಸಲ ಕೇಳಿದೆ. ಅಪ್ಪ ಏನೋ ಹೇಳಲು ಬಾಯಿ ತೆರೆದ.

"ಕೇಳಿದ್ದಕ್ಕಷ್ಟೇ ಉತ್ತರ ಹೇಳಪ್ಪ" ಎಂದೆ.

ಎರಡು ತಿಂಗಳಾದ ಮೇಲೆ ಲೆಕ್ಕ ಹಾಕಿದರೆ, ಕಾರ್ಖಾನೆಯವರಿಗಿಂತ ಊರಿನವರಲ್ಲೇ ಕೆಮ್ಮು ಹೆಚ್ಚು! ಮೇಡಂ ಹಣೆ ಉಜ್ಜಿಕೊಂಡರು. ನಾನು ಅಂಗಡಿಗೆ ಬಂದು, "ನಿನ್ನ ಧೂಳಿನ ತಪ್ಪೇನಿಲ್ಲ ಕಣಪ್ಪ" ಎಂದುಬಿಟ್ಟೆ. ಆ ಮಾತನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಪ್ಪ ತೂಗುತ್ತಿದ್ದ ಬೆಲ್ಲವನ್ನು ಕೆಳಗಿಟ್ಟ. "ಲೈನ್ ಮನೇಲಿ ಯಾರನ್ನ ನೋಡ್ದೆ?"

"ಇದ್ದೋರ್ನೆಲ್ಲ ನೋಡ್ದೆ. ಒಂದ್ ಮನೆನೂ ಬಿಟ್ಟಿಲ್ಲ."

"ಅಲ್ಲಿ ಇರೋರು ಗಟ್ಟಿಮುಟ್ಟಾಗಿರೋರು ಮಾರಾಯ್ತಿ. ಎದೆ ಹೋದೋನಿಗೆ ಕೆಲಸ ಹೋಗುತ್ತೆ. ಕೆಲಸ ಹೋದ್ರೆ ತಿಂಗಳೊಳಗೆ ಮನೆ ಖಾಲಿ ಮಾಡಿ, ಬಾಡಿಗೆ ಕಡಿಮೆ ಅಂತ ಹೊಸಮನೆ, ಆಲ್ಕೊಳಕ್ಕೇ ಬರ್ಬೇಕು. ನಾವು ಗಂಟುಮೂಟೆ ಕಟ್ಟಿದ್ದು ಮರ್ತೋಯ್ತಾ?"

ಮರೆತಿರಲಿಲ್ಲ. ಟೆಂಪೋದಲ್ಲಿ ಮಂಚದ ಕಾಲು ಹಿಡಿದುಕೊಂಡು ಕೂತು ಬಂದವಳು ನಾನೇ. ಆದರೂ ಫಾರಂ ಕೈಗೆ ಬಂದ ಮೇಲೆ ಅದು ತಲೆಗೇ ಹೊಳೆದಿರಲಿಲ್ಲ.

"ಹಂಗಾದ್ರೆ ನನ್ನ ಫಾರಂ ಯಾವ ಕಟ್ಟಲ್ಲಿದೆ?" ಅಪ್ಪ ಮೆಲ್ಲಗೆ ಕೇಳಿದ.

ಊರಿನವರ ಕಟ್ಟಿನಲ್ಲಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ನನ್ನ ಸಮೀಕ್ಷೆ. ಕಾರ್ಖಾನೆಯ ಧೂಳು ಕುಡಿದು ಊರಿಗೆ ಬಂದವರ ಕೆಮ್ಮನ್ನೆಲ್ಲ ನಾನು ಊರಿನ ಲೆಕ್ಕಕ್ಕೇ ಬರೆದಿದ್ದೆ. ಅಪ್ಪನ ಪಕ್ಕ ಕೂತು ಬೆಲ್ಲದ ಚೂರುಗಳನ್ನು ಆರಿಸತೊಡಗಿದೆ.

ಮರುದಿನ ಮೇಡಂಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಫಾರಂನ ಪ್ರಶ್ನೆ ಬರೆದೋಳು ನಾನು, ಹಿಂದಿನ ಕೆಲಸ ಏನು ಅಂತ ಕೇಳೋದು ಬಿಟ್ಟಿದ್ದೂ ನಾನೇ" ಎಂದರು. ಕೆಲಸ ಬಿಟ್ಟುಹೋದವರನ್ನು ಕಾರ್ಖಾನೆಯ ಹಳೆಯ ಹಾಜರಿ ಪುಸ್ತಕದಿಂದ ಪಟ್ಟಿ ಮಾಡಿ, ಅವರಿರುವಲ್ಲಿಗೇ ಹೋಗಬೇಕೆಂದು ತೀರ್ಮಾನವಾಯಿತು. ನಾನು ನಮ್ಮ ಮನೆಯಿಂದಲೇ ಶುರುಮಾಡಲು ಹೊರಟೆ.

"ನಿಮ್ಮಪ್ಪಂದು ನೀನು ತುಂಬಬೇಡ. ಮಗಳು ಕೇಳೋದೇ ಬೇರೆ, ನಾನು ಕೇಳೋದೇ ಬೇರೆ. ನಾನೇ ಬರ್ತೀನಿ" ಎಂದು ಮೇಡಂ ತಡೆದರು.

ಬಂದರು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಅವತ್ತು ನಾನು ತಡೆದಿದ್ದ ಮಾತನ್ನು ಅಪ್ಪ ಮೊದಲಿನಿಂದ ಹೇಳಿದ: ಮರಳು ಜರಡಿ ಹಿಡಿಯುವಾಗ ಎದುರಿಗಿದ್ದವನ ಮುಖ ಕಾಣಿಸದೆ ಹೋಗುತ್ತಿದ್ದುದು, ಟವೆಲ್ಲು ಬಾಯಿಗೆ ಕಟ್ಟಿಕೊಳ್ಳುತ್ತಿದ್ದುದು, ಕೊನೆಗೆ ನಾಲ್ಕು ಮೆಟ್ಟಿಲು ಹತ್ತಲಾಗದ್ದು. ಮೇಡಂ ನಡುವೆ ಬಾಯಿ ಹಾಕಲಿಲ್ಲ.

"ಬೀಡಿ ಸೇದ್ತಿದ್ರಾ?"

"ಇಲ್ಲಮ್ಮ."

ಮೇಡಂ ಎರಡನೇ ಸಲ ಕೇಳದೆ ಬರೆದುಕೊಂಡರು.